ಕರಿಬೇವಿನ ಎಣ್ಣೆ ಹಸಿರಾಗಿರಬೇಕು, ಕಪ್ಪಾಗಬಾರದು

ತುಮಕೂರು ಸೀಮೆಯಲ್ಲಿ ತಲೆಗೆ ಹಚ್ಚುವ ಕರಿಬೇವಿನ ಎಣ್ಣೆ ಕಾಯಿಸುವವರಿಗೆ ಒಂದು ಅನುಕೂಲ ಇದೆ: ತಿಪಟೂರು ಕೊಬ್ಬರಿ ಕೈಗೆಟಕುವಷ್ಟು ಹತ್ತಿರ, ಕರಿಬೇವಿನ ಗಿಡ ಹಿತ್ತಲಲ್ಲೇ. ಆದರೂ ಬಹಳ ಮನೆಗಳಲ್ಲಿ ಎಣ್ಣೆ ಎರಡೇ ವಾರಕ್ಕೆ ಕಮಟು ವಾಸನೆ ಹೊಡೆಯುತ್ತದೆ. ಎಲೆಯಲ್ಲಿ ಉಳಿದ ನೀರು, ಇಲ್ಲವೇ ಜೋರು ಉರಿ. ಕಾರಣ ಇವೆರಡರಲ್ಲಿ ಒಂದು.

ಮೊದಲು ಕೊಬ್ಬರಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ತಾನಾಗಿ ಒಣಗಿದ ಉಂಡೆ ಕೊಬ್ಬರಿ ಒಳ್ಳೆಯದು. ಗಾಣಕ್ಕೆ ಹಾಕಿಸಿದರೆ ಕೆಜಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸಿಗುತ್ತದೆ. 'ತಲೆಗೆ ತಾನೇ' ಅಂತ ಬೂಸ್ಟು ಹಿಡಿದ ಹೋಳುಗಳನ್ನು ಗಾಣಕ್ಕೆ ಕೊಡಬೇಡಿ. ಆ ಮುಗ್ಗಲು ವಾಸನೆಯನ್ನು ಯಾವ ಕರಿಬೇವೂ ಮುಚ್ಚುವುದಿಲ್ಲ.

ಎಲೆ ತೀರಾ ಚಿಗುರೂ ಬೇಡ, ಹಳದಿ ತಿರುಗಿದ್ದೂ ಬೇಡ. ಕಡು ಹಸಿರಿನ ಬಲಿತ ಎಲೆ ಬೇಕು. ಮೇಲೆ ಮಸಿಯಂಥ ಕಪ್ಪು ಪುಡಿ ಅಂಟಿದ್ದರೆ ಬಿಟ್ಟುಬಿಡಿ. ಸಂತೆಯಲ್ಲಿ ತಂದದ್ದಾದರೆ ಔಷಧಿ ಹೊಡೆದಿರುತ್ತಾರೆ. ಉಪ್ಪು ನೀರಲ್ಲಿ ಹದಿನೈದು ನಿಮಿಷ ನೆನೆಸಿ, ಎರಡು ಸಲ ಬೇರೆ ನೀರಲ್ಲಿ ತೊಳೆಯಿರಿ. ಪೂರ್ತಿ ಹೋಗದಿದ್ದರೂ ಮೇಲಿನದು ಕಡಿಮೆಯಾಗುತ್ತದೆ. ಕಡ್ಡಿಯಿಂದ ಬಿಡಿಸಿ, ಹತ್ತಿ ಬಟ್ಟೆಯ ಮೇಲೆ ನೆರಳಲ್ಲಿ ಒಂದು ದಿನ ಹರಡಿ. ಬಿಸಿಲಿಗೆ ಹಾಕಿದರೆ ಘಮವೂ ಬಣ್ಣವೂ ಹೋಗುತ್ತದೆ. ಎಲೆ ಬಾಡಿದಂತಿರಬೇಕು, ಮುಟ್ಟಿದರೆ ತೇವ ಹತ್ತಬಾರದು.

ಕಾಲು ಲೀಟರ್ ಎಣ್ಣೆಗೆ ಎರಡು ಹಿಡಿ ಎಲೆ, ಅರ್ಧ ಚಮಚ ಮೆಂತ್ಯ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎಣ್ಣೆ ಬಿಸಿ ಮಾಡಿ, ಒಂದು ಎಲೆ ಹಾಕಿ ನೋಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಹದ. ಚಟಪಟ ಸಿಡಿದರೆ ಉರಿ ಹೆಚ್ಚಾಗಿದೆ, ಕೆಳಗಿಳಿಸಿ ಆರಲು ಬಿಡಿ. ಆಮೇಲೆ ಎಲೆ, ಮೆಂತ್ಯ ಹಾಕಿ ಕೈಯಾಡಿಸುತ್ತಿರಿ. ಗುಳ್ಳೆ ಅಂದರೆ ಎಲೆಯ ನೀರು ಆವಿಯಾಗಿ ಹೊರಬರುತ್ತಿದೆ ಎಂದರ್ಥ. ಎಂಟು ಹತ್ತು ನಿಮಿಷಕ್ಕೆ ಗುಳ್ಳೆ ನಿಲ್ಲುತ್ತದೆ, ಎಲೆ ಗರಿಗರಿಯಾಗುತ್ತದೆ. ತಕ್ಷಣ ಒಲೆ ಆರಿಸಿ. ಮುಚ್ಚಳ ಹಾಕಿದರೆ ಆವಿ ಮತ್ತೆ ನೀರಾಗಿ ಎಣ್ಣೆಗೇ ಬೀಳುತ್ತದೆ, ಅದಕ್ಕೆ ತೆಳು ಬಟ್ಟೆ ಮುಚ್ಚಿ. ಪೂರ್ತಿ ತಣ್ಣಗಾದ ಮೇಲೆ ಸೋಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ. ಎರಡು ತಿಂಗಳು ಧೈರ್ಯವಾಗಿ ಇಡಬಹುದು, ಒದ್ದೆ ಕೈ ತಾಗದಿದ್ದರೆ.

ಎಣ್ಣೆ ಕಪ್ಪಾದಷ್ಟೂ ಶಕ್ತಿ ಜಾಸ್ತಿ ಅನ್ನುವ ನಂಬಿಕೆ ಇದೆ. ಹಾಗೇನಿಲ್ಲ, ಎಲೆ ಸೀದಿದೆ ಅಷ್ಟೇ. ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾದರೆ ಗಾಬರಿ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದೇ ಅದರ ಗುಣ. ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಕರಗುತ್ತದೆ, ಒಲೆಯ ಮೇಲೆ ಇಡಬೇಡಿ.

ಹಚ್ಚುವುದು ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಎರಡು ಮೂರು ಚಮಚ ಸಾಕು. ಸುರಿಯುವಷ್ಟು ಹಚ್ಚಿದರೆ ಸೀಗೆಪುಡಿಯನ್ನೂ ಅಷ್ಟೇ ಸುರಿಯಬೇಕು, ಕೂದಲು ಒರಟಾಗುತ್ತದೆ. ತಲೆಹೊಟ್ಟು ಇದ್ದವರು ರಾತ್ರಿಯೆಲ್ಲ ಎಣ್ಣೆ ಬಿಟ್ಟುಕೊಂಡು ಮಲಗಬಾರದು: ಹೊಟ್ಟಿಗೆ ಕಾರಣವಾದ ಸೂಕ್ಷ್ಮ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಹಣೆಯಲ್ಲಿ ಮೊಡವೆ ಏಳುವವರಿಗೂ ಇದೇ ಮಾತು. ಮೊದಲ ಸಲ ಮೊಣಕೈ ಒಳಮಡಿಕೆಗೆ ಒಂದು ತೊಟ್ಟು ಹಚ್ಚಿ ಒಂದು ದಿನ ಕಾಯಿರಿ. ತುರಿಕೆ ಬಂದರೆ ಬೇಡ.

ಬಿಳಿ ಕೂದಲು ಇದರಿಂದ ಕಪ್ಪಾಗುವುದಿಲ್ಲ. ಕೊಬ್ಬರಿ ಎಣ್ಣೆ ಕೂದಲೆಳೆಯ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಸವೆತ ತಗ್ಗಿಸುತ್ತದೆ, ಅದೇ ದೊಡ್ಡ ಲಾಭ. ಕೂದಲು ಕೈತುಂಬ ಉದುರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಣ್ಣೆ ಬದಲಿಸಿ ಪ್ರಯೋಜನ ಇಲ್ಲ.

ಹೊಟ್ಟೆಗೆ ಹೋಗಬೇಕಾದ ಕರಿಬೇವು ನಮ್ಮ ತಟ್ಟೆಯ ಅಂಚಿಗೇ ಹೋಗುತ್ತದೆ. ಅದಕ್ಕೆ ಚಟ್ನಿಪುಡಿಯೇ ದಾರಿ. ನೆರಳಲ್ಲಿ ಒಣಗಿದ ಎಲೆ ಎರಡು ಲೋಟ, ಕಡಲೆಬೇಳೆ, ಉದ್ದಿನಬೇಳೆ ಕಾಲು ಕಾಲು ಲೋಟ, ಬ್ಯಾಡಗಿ ಮೆಣಸಿನಕಾಯಿ ಎಂಟು, ಕೊಬ್ಬರಿ ತುರಿ ಅರ್ಧ ಲೋಟ, ಗೋಲಿ ಗಾತ್ರದ ಹುಣಸೆ, ಉಪ್ಪು. ಬೇಳೆ, ಮೆಣಸಿನಕಾಯಿ, ಎಲೆ, ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಬೇಳೆ ಕೆಂಪಾಗುವಷ್ಟರಲ್ಲಿ ಎಲೆ ಸೀದು ಕಹಿಯಾಗುತ್ತದೆ. ಕೊಬ್ಬರಿಯನ್ನು ಬರೀ ಬೆಚ್ಚಗೆ ಮಾಡಿ ಕೊನೆಗೆ ಹಾಕಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಡದೆ ಓಡಿಸಿದರೆ ಕೊಬ್ಬರಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿ ಅನ್ನ, ತುಪ್ಪದ ಜೊತೆ ಒಂದು ಚಮಚ, ಮೇಲೆ ನಿಂಬೆ ಹಿಂಡಿ: ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಆ ಹುಳಿ ನೆರವಾಗುತ್ತದೆ. ಊಟವಾದ ತಕ್ಷಣ ಕಾಫಿ, ಟೀ ಕುಡಿದರೆ ಅದಕ್ಕೇ ಅಡ್ಡಿ, ಒಂದು ಗಂಟೆ ತಡೆಯಿರಿ. ಸಕ್ಕರೆ ಕಾಯಿಲೆಯವರು ಪುಡಿ ತಿನ್ನಲಿ, ಆದರೆ ಮಾತ್ರೆ ಬಿಟ್ಟು ತಿನ್ನುವುದು ಬೇಡ.