ಮಳೆಗಾಲದಲ್ಲಿ ಆಯಿಲ್ ಪೇಂಟಿಂಗ್ ಮಾಡುವವರಿಗೆ

ಆಗುಂಬೆಯ ಮಂಜನ್ನು ಅರೆ ಅಮೂರ್ತವಾಗಿ ಬಿಡಿಸುವಾಗ ನಾನು ಮೊದಲು ಕಡು ಕಂದು ಬಣ್ಣವಾದ ಬರ್ನ್ಟ್ ಅಂಬರ್‌ಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಬಳಿಯುತ್ತೇನೆ. ಈ ಬಣ್ಣ ಬೇಗ ಒಣಗುತ್ತದೆ. ನಮ್ಮ ಜಡಿಮಳೆಯಲ್ಲಿ ಅದೇ ದೊಡ್ಡ ಅನುಕೂಲ, ಅಲ್ವಾ? ಹಸಿ ಇರುವಾಗಲೇ ಹಳೇ ಬಟ್ಟೆಯಿಂದ ಅಲ್ಲಲ್ಲಿ ಒರೆಸಿ. ಗುಡ್ಡದ ಅಂಚು, ಅಡಿಕೆ ಮರದ ಸಾಲು ತಾವಾಗೇ ಮೂಡುತ್ತವೆ. ಅಷ್ಟನ್ನೇ ಉಳಿಸಿಕೊಳ್ಳಿ. ಒಂದೊಂದು ಸೋಗೆಯನ್ನೂ ಬಿಡಿಸಲು ಹೋಗಬೇಡಿ.

ಲಿನ್‌ಸೀಡ್ ಎಣ್ಣೆ (ಅಗಸೆ ಎಣ್ಣೆ) ಮೇಲಿನ ಪದರಗಳಲ್ಲಿ ಮಾತ್ರ ಜಾಸ್ತಿ ಇರಲಿ. ಕೆಳಗೆ ಎಣ್ಣೆ ಹೆಚ್ಚಾದರೆ ಮುಂದೆ ಬಿರುಕು ಬಿಡುತ್ತದೆ. ನನ್ನದೊಂದು ಚಿತ್ರ ಹಾಗೇ ಹಾಳಾಯಿತು, ಇವತ್ತಿಗೂ ಬೇಜಾರು. ಟೈಟಾನಿಯಂ ವೈಟ್ ಒಣಗೋದು ನಿಧಾನ. ಹಾಗಾಗಿ ಮಂಜಿನ ಬಿಳಿಯನ್ನು ಕೊನೆಗೆ ಬಣ್ಣ ಹಚ್ಚುವ ಚಪ್ಪಟೆ ಚಾಕು, ಅಂದರೆ ಪ್ಯಾಲೆಟ್ ನೈಫ್‌ನಿಂದ ಎಳೆಯಿರಿ.

ಒಣಗಿಸಲು ಒಲೆಯ ಮೇಲಿನ ಅಟ್ಟ ಬೇಡ, ಹೊಗೆ ಕೂರುತ್ತದೆ. ಗಾಳಿಯಾಡುವ ಕೋಣೆ ಸಾಕು. ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಇಡಬೇಡಿ, ತಾನಾಗೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.