ಸ್ಕ್ರೂ ಕೂರದ ರಿಯಲಿಸ್ಟ್

"ಪ್ರೊಟೊಟೈಪೂ ಇಲ್ಲ, ಏನೂ ಇಲ್ಲ ಸಾರ್. ಯಾರೋ ರಿಪೇರಿಯವರು ನಾಲ್ಕು ಕ್ಯಾಮೆರಾ ಸೇರಿಸಿ ಒಂದು ಮಾಡಿದ್ದಾರೆ." ನನ್ನ ಹತ್ತಿರ ಇರುವ ಹಳೇ ಸ್ಟೀರಿಯೊ ರಿಯಲಿಸ್ಟ್, ಅಂದರೆ ಎಡಕ್ಕೊಂದು ಬಲಕ್ಕೊಂದು ಲೆನ್ಸಿನಿಂದ ಜೋಡಿ ಚಿತ್ರ ತೆಗೆಯುವ ಕ್ಯಾಮೆರಾ, ಕಾರ್ಖಾನೆ ಸಾಲಿಗೆ ಮುಂಚೆ ಕೈಯಲ್ಲಿ ಮಾಡಿದ ಮಾದರಿ (ಪ್ರೊಟೊಟೈಪ್) ಇರಬಹುದು ಅಂದಿದ್ದೆ. ಅದರ ಫೋಟೊ ನೋಡಿದ ಬೆಂಗಳೂರಿನ ಗೆಳೆಯ ಹೀಗೆ ತಳ್ಳಿಹಾಕಿದ್ದ. ಅಮೆರಿಕದ ಮಿಲ್ವಾಕಿಯ ಇಬ್ಬರು ಹಳೇ ಕ್ಯಾಮೆರಾ ಸಂಗ್ರಾಹಕರೂ ಅದನ್ನೇ ಹೇಳಿದ್ದರು. ಈಗ ಅವರಲ್ಲೇ ಒಬ್ಬರು ತಮ್ಮ ಕ್ಯಾಮೆರಾ ಹಿಡಿದುಕೊಂಡು ಬಂದು "ಸ್ವಲ್ಪ ನೋಡಿ" ಅನ್ನುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನನ್ನ ಮಗಳ ಮನೆ ಮಿಲ್ವಾಕಿ ಹತ್ತಿರ. ವರ್ಷದಲ್ಲಿ ಆರು ತಿಂಗಳು ನಾನೂ ಅಲ್ಲೇ. ರಿಯಲಿಸ್ಟ್ ಮಾಡಿದ್ದು ಸರ್ವೆ ಉಪಕರಣ ಮಾಡುತ್ತಿದ್ದ ಇಲ್ಲಿನ ಡೇವಿಡ್ ವೈಟ್ ಕಂಪನಿ, ವಿನ್ಯಾಸ ಸೀಟನ್ ರಾಕ್‌ವೈಟ್ ಅವರದು, ಮಾರುಕಟ್ಟೆಗೆ ಬಂದದ್ದು 1947ರಲ್ಲಿ. ರಿಯಲಿಸ್ಟ್ ಹುಟ್ಟಿದ ಊರಾದ್ದರಿಂದ ಹಳೇ ಮನೆ ಸಾಮಾನು ಮಾರುವ ಕಡೆ ಒಂದಾದರೂ ಕಣ್ಣಿಗೆ ಬೀಳುತ್ತದೆ.

ಮೊದಲು ಕೈ ಸುಟ್ಟುಕೊಂಡೆ. ಐಲೆಕ್ಸ್ ಪ್ಯಾರಗಾನ್ ಲೆನ್ಸ್ ಇದ್ದರೆ ಮೊದಮೊದಲಿನದು ಎಂಬ ನಂಬಿಕೆಯಿಂದ ಸುಮಾರು 400 ಡಾಲರ್ ಕೊಟ್ಟೆ. ಬಿಚ್ಚಿ ನೋಡಿದರೆ ಲೆನ್ಸ್ ಒಂದರದು, ಬಾಡಿ ಇನ್ನೊಂದರದು. ಆಮೇಲೆ ನಂಬರ್ ಇಲ್ಲದ ಒಂದು ಬಾಡಿ 150ಕ್ಕೆ ಸಿಕ್ಕಿತು. ನಂಬರನ್ನು ಯಾರೋ ಉಜ್ಜಿ ತೆಗೆದಿದ್ದರು! ಮೂರನೆಯದು ನನ್ನದೇ ತಪ್ಪು. ಒಳಗೆ ಪೆನ್ಸಿಲ್ ಬರಹ ಇತ್ತು. ಕೊಳೆ ಅಂದುಕೊಂಡು ಥಿನ್ನರ್ ಹಚ್ಚಿ ಒರೆಸಿಬಿಟ್ಟೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಲೆನ್ಸ್, ನಂಬರ್ ಎಲ್ಲ ಬಿಟ್ಟೆ. ಮೂವತ್ತು ವರ್ಷ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು ನಾನು, ಸುಮ್ನೆ ಕೈಗೆ ಗೊತ್ತಿರುವುದನ್ನೇ ನೋಡೋಣ ಅಂದುಕೊಂಡೆ. ಸಾಲಾಗಿ ತಯಾರಾದ ಮಾಲಿನಲ್ಲಿ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರಬೇಕು. ಕೈಯಲ್ಲಿ ತೂತು ಹೊಡೆದದ್ದಾದರೆ ಕೂರುವುದಿಲ್ಲ. ನನ್ನ ನಾಲ್ಕನೇ ಕ್ಯಾಮೆರಾ, ಸ್ಲೈಡ್ ಡಬ್ಬಿ ಸಮೇತ 220 ಡಾಲರಿಗೆ ಬಂದದ್ದು, ಅದರ ಮುಚ್ಚಳ ಬೇರೆ ಮೂರು ಬಾಡಿಗಳ ಮೇಲೂ ಕೂರಲಿಲ್ಲ. ಸ್ಕ್ರೂ ತೂತು ಹೆಚ್ಚೂಕಡಿಮೆ ಕಾಲು ಮಿಲಿಮೀಟರ್ ಆಚೆ. ತೂತಿನ ಪಕ್ಕ ಗುರುತು ಹಾಕಿದ ಗೀರು ಹಾಗೇ ಇತ್ತು. ರಿಪೇರಿಯವನು ಹೊಸ ತೂತು ಹೊಡೆದರೆ ಹಳೇ ತೂತು ಪಕ್ಕದಲ್ಲಿ ಇರಬೇಕು ತಾನೆ? ಇರಲಿಲ್ಲ. ಬಾಡಿಗೆ ಅಂಟಿಸಿದ ಚರ್ಮ ಹರಿಯದೆ ಅದರ ಕೆಳಗೂ ಒಂದು ಕಡೆ ನೋಡಿದೆ. ಎಲ್ಲಿ, ಹೇಗೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇಷ್ಟಾದರೂ ಆ ಸಂಗ್ರಾಹಕರು ಒಪ್ಪಲಿಲ್ಲ. ಹಾಗಾಗಿ ಫಿಲ್ಮ್ ಗೇಟಿಗೆ, ಅಂದರೆ ಫಿಲ್ಮಿನ ಮುಂದೆ ಚಿತ್ರದ ಅಂಚನ್ನು ನಿರ್ಧರಿಸುವ ಚೌಕ ಕಿಂಡಿಗೆ ಬಂದೆ. ಎಡ, ಬಲ ಎರಡಕ್ಕೂ ಒಂದೊಂದು ಇರುತ್ತದೆ. ಬಿಳಿ ಗೋಡೆಗೆ ಹಿಡಿದು ಕಪ್ಪು-ಬಿಳುಪು ರೋಲ್ ಒಂದನ್ನು ಹೊಡೆದೆ. ಡೆವಲಪ್ ಮಾಡಿ ಸ್ಕ್ಯಾನ್ ಮಾಡಿದರೆ ಗೇಟಿನ ಅಂಚು ಪ್ರತಿ ಚೌಕದಲ್ಲೂ ಮೂಡಿರುತ್ತದೆ. ಲೆನ್ಸಿನ ಕಿಂಡಿ ಎಫ್/22ಕ್ಕೆ, ಫೋಕಸ್ ಅನಂತಕ್ಕೆ, ಎರಡನ್ನೂ ಕದಲಿಸಬಾರದು. ರಿಯಲಿಸ್ಟಿನಲ್ಲಿ ಫೋಕಸ್ ಮಾಡಿದರೆ ಲೆನ್ಸ್ ಅಲ್ಲ, ಫಿಲ್ಮೇ ಹಿಂದೆ ಮುಂದೆ ಸರಿಯುತ್ತದಲ್ಲ, ಅಂಚಿನ ನೆರಳೂ ಬದಲಾಗುತ್ತದೆ. ಇಲ್ಲೊಂದು ವಾರ ದಂಡವಾಯಿತು. ಪಕ್ಕಪಕ್ಕದ ಚೌಕಗಳನ್ನು ಹೋಲಿಸುತ್ತ ಕೂತಿದ್ದೆ! ಒಂದು ಎಡ ಗೇಟಿನದು, ಮುಂದಿನದು ಬಲದ್ದು. ಒಂದೇ ಜೋಡಿಯ ಎರಡು ಚಿತ್ರಗಳ ಮಧ್ಯೆ ಬೇರೆ ಎರಡು ಚೌಕ ಬರುತ್ತವೆ ಅಂತ ಗೊತ್ತಿದ್ದೂ ಎಡವಿದೆ.

ಎಡ ಗೇಟಿನ ಮೂಲೆಯಲ್ಲಿ ಹಲ್ಲಿನಂಥ ಒಂದು ಚೂರು ಮುಂದೆ ಚಾಚಿತ್ತು. ಡಬ್ಬಿಯಲ್ಲಿ ಅರವತ್ತರ ಆಸುಪಾಸು ಕೊಡಕ್ರೋಮ್ ಬಣ್ಣದ ಸ್ಲೈಡ್ ಜೋಡಿಗಳಿದ್ದವು. ಅಂಚು ಮುಚ್ಚಿರುವ ಮೌಂಟ್ (ಸ್ಲೈಡಿನ ಚೌಕಟ್ಟು) ಬಿಚ್ಚಲು ಕೈ ನಡುಗಿತು, ಆದರೂ ಹನ್ನೆರಡು ಬಿಚ್ಚಿದೆ. ಹನ್ನೆರಡರಲ್ಲೂ ಅದೇ ಮೂಲೆ, ಅದೇ ಹಲ್ಲು. ಅಂದರೆ ಅವು ಇದೇ ಕ್ಯಾಮೆರಾದ ಚಿತ್ರಗಳು. ಮಜಾ ಏನೆಂದರೆ, ಏಳರಲ್ಲಿ ಹಲ್ಲು ದೊಡ್ಡದು, ಐದರಲ್ಲಿ ಚಿಕ್ಕದು. ಮಧ್ಯದಲ್ಲಿ ಯಾರೋ ಗೇಟಿಗೆ ಅರ ಹಾಕಿದ್ದಾರೆ! ಚಿತ್ರ ತೆಗೆದು, ನೋಡಿ, ತಿದ್ದಿ, ಮತ್ತೆ ತೆಗೆದಿದ್ದಾರೆ. ಈ ಸ್ಕ್ಯಾನ್‌ಗಳನ್ನು ತೋರಿಸಿದ ಮೇಲೆ ಮಿಲ್ವಾಕಿಯವರು ಸುಮಾರು ಹೊತ್ತು ಮಾತಾಡಲಿಲ್ಲ.

ರಾಕ್‌ವೈಟ್ ಕೈಯಿಂದಲೇ ಬಂದದ್ದು ಅಂತ ನಾನು ಹೇಳುತ್ತಿಲ್ಲ. ಕಾರ್ಖಾನೆ ಸಾಲಿನ ಮಾಲಲ್ಲ, ಅಷ್ಟು ಖಚಿತ.

ಇದರ ಮಧ್ಯೆ ಸೋವಿಯತ್ ಕಾಲದ ಸ್ಪುಟ್ನಿಕ್ ಎಂಬ ಸ್ಟೀರಿಯೊ ಕ್ಯಾಮೆರಾ ಒಂದರ ಮೇಲೂ ಇದೇ ಗೇಟ್ ಪರೀಕ್ಷೆ ಮಾಡಿದೆ. ಒಳಗಿನ ಬೇಕಲೈಟ್ ಪ್ಲಾಸ್ಟಿಕ್ಕಿನ ಹೊಳಪಿಗೆ ಅಂಚೆಲ್ಲ ಮಂಜಾಯಿತು. ಕಪ್ಪು ಮಖಮಲ್ ಅಂಟಿಸಿದ ಮೇಲೆ ಪರವಾಗಿಲ್ಲ. ಎಲ್ಲ ಸೇರಿ ಸಾವಿರ ಡಾಲರ್ ಹತ್ತಿರ ಹೋಗಿರಬಹುದು. ಹೆಂಡತಿಗೆ ಹೇಳಿದ್ದು ಮುನ್ನೂರು.