ಗರ್ಭಿಣಿಯರು ಹೊಗೆಸೊಪ್ಪು ಬಿಡುವ ಬಗೆ

ಬೀಡಿ, ಸಿಗರೇಟು ಸೇದುವ ಗರ್ಭಿಣಿಯರು ನಮ್ಮಲ್ಲಿ ಅಪರೂಪ. ಆದರೆ ಎಲೆ-ಅಡಿಕೆಯೊಡನೆ ಹೊಗೆಸೊಪ್ಪು ಹಾಕುವವರು, ಕಡ್ಡಿಪುಡಿ ಜಗಿಯುವವರು, ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವವರು ಹಾಗಲ್ಲ. ಇದನ್ನು ಮನೆಯಲ್ಲಿ ಯಾರೂ ಚಟವೆಂದು ಕರೆಯುವುದಿಲ್ಲವಾದ್ದರಿಂದ, ತಪಾಸಣೆಯಲ್ಲಿ “ಏನಾದರೂ ಚಟ ಇದೆಯೇನಮ್ಮ?” ಎಂದು ಕೇಳಿದಾಗ, ದವಡೆಯಲ್ಲಿ ಎಲೆ ಒತ್ತಿಟ್ಟುಕೊಂಡೇ “ಇಲ್ಲ” ಎಂದುಬಿಡುವುದುಂಟು. ಹಾಗಾಗಿ ಮೊದಲ ಕೆಲಸ ಹೇಳಿಕೊಳ್ಳುವುದು. ತಾಯಿ ಕಾರ್ಡ್ ಮಾಡಿಸುವ ದಿನವೇ ಏನನ್ನು, ದಿನಕ್ಕೆ ಎಷ್ಟು ಸಲ ಹಾಕುತ್ತೀರಿ ಎಂಬುದನ್ನು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಮುಚ್ಚಿಡದೆ ತಿಳಿಸಿ.

ಹೊಗೆಸೊಪ್ಪಿನಲ್ಲಿದ್ದು ಬಾಯಿಯ ಒಳಚರ್ಮದ ಮೂಲಕ ರಕ್ತಕ್ಕಿಳಿಯುವ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದಲ್ಲದೆ ಮಾಸನ್ನು ದಾಟಿ ಮಗುವನ್ನೂ ಮುಟ್ಟುತ್ತದೆ. ಇದರಿಂದ ಮಗು 37 ವಾರ ತುಂಬುವ ಮೊದಲೇ ಹುಟ್ಟುವ, 2.5 ಕಿಲೋಗಿಂತ ಕಡಿಮೆ ತೂಗುವ, ಕೆಲವೊಮ್ಮೆ ಹೊಟ್ಟೆಯಲ್ಲೇ ತೀರಿಕೊಳ್ಳುವ ಸಂಭವ ಹೆಚ್ಚುತ್ತದೆ. ಬರೀ ಅಡಿಕೆಯಾದರೆ ಪರವಾಗಿಲ್ಲ ಎಂಬ ಸಮಾಧಾನವೂ ಬೇಡ, ಅದರಲ್ಲಿರುವ ಅರೆಕೋಲಿನ್ ಕೂಡ ಮಾಸನ್ನು ದಾಟುತ್ತದೆ. ತಂಬಾಕು ಇಲ್ಲವೆಂದು ಚೀಟಿಯ ಮೇಲೆ ಬರೆದ ಪಾನ್ ಮಸಾಲಾದಲ್ಲೂ ಇರುವುದು ಅದೇ ಅಡಿಕೆ.

ಬಿಡುವ ಮುನ್ನ ಎರಡು ದಿನ ನಿಮ್ಮನ್ನೇ ಗಮನಿಸಿ. ಕೆಲವರಿಗೆ ಬೆಳಗಿನ ಓಕರಿಕೆಯ ಹೊತ್ತಿಗೆ, ಕೆಲವರಿಗೆ ಊಟವಾದ ಮೇಲೆ, ಕೆಲವರಿಗೆ ಹೊಲದಲ್ಲಿ ಜೊತೆಯವರು ಎಲೆಚೀಲ ಬಿಚ್ಚಿದಾಗ ಬಾಯಿ ಬೇಡುತ್ತದೆ. ಆ ಹೊತ್ತಿಗೆ ಸೆರಗಿನ ಗಂಟಿನಲ್ಲಿ ಹೊಗೆಸೊಪ್ಪಿನ ಬದಲು ಎರಡು ಏಲಕ್ಕಿ, ಚಿಟಿಕೆ ಸೋಂಪು ಅಥವಾ ಒಣ ನೆಲ್ಲಿಕಾಯಿ ಇರಲಿ. ಚಡಪಡಿಕೆ ಒಮ್ಮೆಗೆ ಕೆಲವೇ ನಿಮಿಷ ಇರುತ್ತದೆ. ನೀರು ಕುಡಿದು, ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಇಳಿಯುತ್ತದೆ. ಮೊದಲ ವಾರ ಸಿಡುಕು, ತಲೆನೋವು, ನಿದ್ದೆಗೇಡು ಸಹಜ. ಓಕರಿಕೆಯೇ ಕಾರಣವಾದರೆ ವೈದ್ಯರಿಂದ ಅದಕ್ಕೆ ಮಾತ್ರೆ ಕೇಳಿ ಪಡೆಯಿರಿ, ಆದರೆ ತಂಬಾಕು ಬಿಡಲೆಂದು ಮಾರುವ ನಿಕೋಟಿನ್ ಗಮ್ಮನ್ನು ಮಾತ್ರ ಅಂಗಡಿಯಿಂದ ನೀವಾಗಿಯೇ ತಂದು ಜಗಿಯಬೇಡಿ. ತಂಬಾಕು ಬಿಡುವವರಿಗಾಗಿಯೇ ಇರುವ 1800-11-2356 ಉಚಿತ ಸಹಾಯವಾಣಿಗೂ ಕರೆ ಮಾಡಬಹುದು.

ಮನೆಯವರ ಪಾಲೂ ಇದೆ. ಅತ್ತೆ ತಟ್ಟೆ ಮುಂದಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತಾ ಸೊಸೆಗೆ ಮಾತ್ರ ಬುದ್ಧಿ ಹೇಳಿದರೆ ಅದು ನಡೆಯುವ ಮಾತಲ್ಲ.

ಮದ್ಯದ ವಿಷಯ ಬೇರೆ. ಗರ್ಭಿಣಿಗೆ ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನುವ ಅಳತೆಯೇ ಇಲ್ಲ. ಆದರೂ ದಿನವೂ ಕುಡಿಯುತ್ತಿದ್ದವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದಾದ್ದರಿಂದ ಆಸ್ಪತ್ರೆಯ ನಿಗಾದಲ್ಲೇ ನಿಲ್ಲಿಸಬೇಕು.

ಹೆರಿಗೆಯಾದ ಮೇಲೆ ಬಾಣಂತಿಗೆ ಎಲೆ-ಅಡಿಕೆ ಹಾಕಿಕೊಡುವ ರೂಢಿ ಹಲವು ಮನೆಗಳಲ್ಲಿದೆ, ಬಿಟ್ಟವರು ಮತ್ತೆ ಹಿಡಿಯುವುದು ಹೆಚ್ಚಾಗಿ ಅಲ್ಲೇ. ನಿಕೋಟಿನ್ ಎದೆಹಾಲಿಗೂ ಇಳಿಯುತ್ತದೆಯಾದ್ದರಿಂದ, ಬಾಣಂತನ ಮಾಡುವವರಿಗೆ ಏಳನೇ ತಿಂಗಳಲ್ಲೇ ಈ ಮಾತು ಹೇಳಿಟ್ಟಿರಿ.